ಕಾಲ್ಲಿಯೊದ ಜಮಖಾನ

ಹೆಲ್ಸಿಂಕಿಯ ಸಮುದ್ರದಂಚಿನಲ್ಲಿ ಜಮಖಾನ ಒಗೆಯುವ ದಕ್ಕೆಯಿದೆ. ಅದರ ಮೂಲೆಯ ಮೇಜು ತನ್ನದೆಂದು ಹಿಲ್ಕಾ ನಂಬಿದ್ದರು; ಅವರಮ್ಮನೂ ಅಲ್ಲೇ ಒಗೆದಿದ್ದಳಂತೆ. ಹುಟ್ಟಿ ಬೆಳೆದ ಕಾಲ್ಲಿಯೊ ಬಡಾವಣೆಯಲ್ಲಿ ಬಾಡಿಗೆ ಗಗನಕ್ಕೇರಿ, ಹೋದ ಚಳಿಗಾಲ ಅವರು ಪಕ್ಕದೂರು ವಾಂಟಾಗೆ, ನಮ್ಮ ಕಟ್ಟಡಕ್ಕೆ ಬಂದು ಬಿದ್ದಿದ್ದರು. ರೈಲಿನಲ್ಲಿ ಅರ್ಧ ಗಂಟೆಯೂ ಇಲ್ಲ. ಹಿಲ್ಕಾ ಅದನ್ನು ಗಡೀಪಾರು ಎನ್ನುತ್ತಿದ್ದರು, ಅದೂ ನನ್ನೆದುರು ಮಾತ್ರ. ಬೇರೆಯವರಿಗೆ ಅವರಿನ್ನೂ ಕಾಲ್ಲಿಯೊದವರೇ.

ನಡುಬೇಸಿಗೆಯ ಹಬ್ಬ ಹತ್ತಿರವಾದಾಗ ನಾವಿಬ್ಬರೂ ಜಮಖಾನವನ್ನು ಹೆಣದಂತೆ ಹೊತ್ತು ಅಲ್ಲಿಗೆ ಹೋದರೆ, ಮೂಲೆಯ ಮೇಜಿನಲ್ಲಿ ನಲವತ್ತರ ಹೆಂಗಸೊಬ್ಬಳು ಬ್ರಶ್ ಆಡಿಸುತ್ತಿದ್ದಳು.

"ಯಾವೂರಮ್ಮಾ ನಿಂದು?" ಹಿಲ್ಕಾ ಕೇಳಿದರು.

"ವಾಂಟಾ. ಯಾಕಜ್ಜಿ?"

"ಅಜ್ಜಿಯಂತೆ! ತೆರಿಗೆ ಅಲ್ಲಿ ಕಟ್ಟೋದು, ಕೊಳೆ ಇಲ್ಲಿ ತಂದು ತೊಳೆಯೋದು. ನಿಮ್ಮೂರಲ್ಲಿ ಹೊಳೆ ಇಲ್ವಾ?"

"ಹೊಳೇಲಿ ಒಗೆದ್ರೆ ಬೈತಾರೆ. ಇಲ್ಲೂ ಬೈತಾರೆ ಅಂತ ಗೊತ್ತಿರ್ಲಿಲ್ಲ." ಅವಳ ಹೆಸರು ತುಯ್ಯಾ ಎಂದು ಆಮೇಲೆ ತಿಳಿಯಿತು. "ಬೆಳಗಾದ್ರೆ ನಿಮ್ಮ ಬಸ್ ಓಡಿಸೋಕೆ ವಾಂಟಾದವರು ಬೇಕು, ಜಮಖಾನ ಒಗೆಯೋಕೆ ಬೇಡ್ವಾ? ನಿಮ್ಮನೆ ಎಲ್ಲಿ?"

"ಕಾಲ್ಲಿಯೊ! ಮೂರು ತಲೆಮಾರಿಂದ!" ಹಿಲ್ಕಾ ಗುಡುಗಿದರು.

ನಾನು ಕಡಲಹಕ್ಕಿಗಳನ್ನು ನೋಡಿದೆ. ದಕ್ಕೆಯ ಉಳಿದವರು, ನಮ್ಮ ಜನರ ವಾಡಿಕೆಯಂತೆ, ಕಿವಿ ಇಲ್ಲಿಟ್ಟು ಕಣ್ಣನ್ನು ತಂತಮ್ಮ ಸೋಪಿನ ನೊರೆಯಲ್ಲಿ ನೆಟ್ಟರು. ತುಯ್ಯಾ ಜಗ್ಗಲಿಲ್ಲ. ಗೇಟಿನ ಬಳಿಯ ಮೇಜಿನಲ್ಲಿ ಹಿಲ್ಕಾ ಒಗೆದ ರಭಸಕ್ಕೆ ಜಮಖಾನದ ಒಂದು ಪಟ್ಟಿಯ ಬಣ್ಣವೇ ಹೋಯಿತು.

ಒಣಹಾಕುವ ಕಂಬಿಗಳೆಲ್ಲ ತುಂಬಿದ್ದವು. ಒದ್ದೆ ಜಮಖಾನ ಹೊತ್ತು ಏದುಸಿರು ಬಿಡುತ್ತಿದ್ದ ನಮ್ಮ ಪಕ್ಕ ತುಯ್ಯಾಳ ಕಾರು ನಿಂತಿತು.

"ಡಿಕ್ಕೀಲಿ ಹಾಕಿ, ಹತ್ತಿ. ಕಾಲ್ಲಿಯೊ ದಾರೀಲೇ ಸಿಗತ್ತೆ."

ಬೇಡವೆನ್ನಲು ಹಿಲ್ಕಾಗೆ ತೋಳಿನಲ್ಲಿ ಬಲವಿರಲಿಲ್ಲ. ವಾಂಟಾ ಎನ್ನಲು ನಾಲಿಗೆ ಹೊರಳಲಿಲ್ಲ.

ಹಳೆಯ ಮನೆಯ ಮುಂದೆ ಇಳಿದೆವು. ತುಯ್ಯಾ ಉಪಕಾರಿ, ನಾವು ಒಳಗೆ ಹೋಗುವವರೆಗೂ ಹೊರಡಲೊಲ್ಲಳು. ಹಿಲ್ಕಾ ಬೀದಿಬಾಗಿಲಿನ ಬೀಗದ ಗುಂಡಿಗಳಲ್ಲಿ ಹಳೆಯ ನಂಬರ್ ಒತ್ತಿದರು. ಮತ್ತೆ ಒತ್ತಿದರು. ಬಾಗಿಲು ಮಿಸುಕಲಿಲ್ಲ. ಜಮಖಾನದ ನೀರು ನನ್ನ ಬೂಟಿನೊಳಗೆ ಇಳಿಯುತ್ತಿತ್ತು. ಆಮೇಲೆ ಅವರು ಒತ್ತಲಿಲ್ಲ, ಮುಷ್ಟಿಯಿಂದ ಗುದ್ದಿದರು.

"ನಂಬರ್ ಬದಲಾಯಿಸಿದ್ದಾರೆ! ನನ್ನ ಬಾಗಿಲಿಗೆ! ಇವರ ಮನೆ ಹಾಳಾಗ!"

ತುಯ್ಯಾ ಗಾಜು ಇಳಿಸಿದಳು. ಏನೂ ಕೇಳಲಿಲ್ಲ. ಅದೇ ಹಿಲ್ಕಾಗೆ ಇನ್ನಷ್ಟು ಉರಿ ಹತ್ತಿಸಿತು. ಬಂದು ಕೂತು, ಕಾರಿನ ಬಾಗಿಲನ್ನು ದಢಾರನೆ ಎಳೆದುಕೊಂಡರು. ನಾನು ಜಮಖಾನವನ್ನು ಮತ್ತೆ ಡಿಕ್ಕಿಗೆ ತುರುಕಿದೆ.

"ನಡಿ, ವಾಂಟಾಗೆ. ಬಾಯಿ ಬಿಟ್ರೆ ನೋಡು."

ತುಯ್ಯಾ ಬಾಯಿ ಬಿಡಲಿಲ್ಲ. ಎರಡು ಸಿಗ್ನಲ್ ದಾಟಿದ ಮೇಲೆ ಬಿಟ್ಟವರು ಹಿಲ್ಕಾ.

"ಮನೆ ಬಿಟ್ಟುಕೊಟ್ಟೆ. ಮೇಜು ಬಿಡಲ್ಲ, ತಿಳ್ಕೋ."