ಬೆರಳು ಮಾತಾಡುತ್ತಿದ್ದ ಬೆಳಗುಗಳು

ನಾನು ಅಂಗಡಿಯಲ್ಲಿ ಹುಟ್ಟಿದ ರೇಡಿಯೋ ಅಲ್ಲ. ಗುಜರಿಯಿಂದ ತಂದ ಬಿಡಿಭಾಗಗಳನ್ನು ಬೆಸೆದು, ಬಿಸ್ಕತ್ತಿನ ತಗಡಿನ ಡಬ್ಬಿಯೊಳಗೆ ಕೂರಿಸಿ ನನ್ನನ್ನು ಮಾಡಿದವರು ಕಾರವಾರದ ದಾಮೋದರ ಗಾಂವ್ಕರ್. ಮನೆಯಲ್ಲೇ ರೇಡಿಯೋ ಕಟ್ಟಿಕೊಂಡು ಮಾತಾಡುವ ಹ್ಯಾಮ್ ಹವ್ಯಾಸಿಗಳು ದೂರದಿಂದ ಕಳಿಸುವ ಸಣ್ಣ ಸದ್ದನ್ನು ಹಿಡಿಯುವುದು ನನ್ನ ಕೆಲಸ.

ದಾಮೋದರರ ಗಂಟಲಿಗೆ ಹುಣ್ಣಾಯಿತು. ಆಪರೇಷನ್ ಆದರೆ ದನಿ ಹೋಗುತ್ತದೆ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಆಗ ಅವರು ನನ್ನನ್ನು ಹೊತ್ತುಕೊಂಡು ಧಾರವಾಡಕ್ಕೆ ಬಂದು, ಗೆಳೆಯ ಗುರುಸಿದ್ದಪ್ಪನವರ ಮೇಜಿನ ಮೇಲಿಟ್ಟರು.

"ಇನ್ಮೇಲೆ ಬಾಯಿ ಇಲ್ಲ ಮಾರಾಯ, ಬೆರಳು ಮಾತಾಡ್ತದೆ. ಬೆಳಿಗ್ಗೆ ಚಾ ಹೊತ್ತಿಗೆ ಕೇಳು."

ಮೋರ್ಸ್ ಕೀಲಿ ಒತ್ತಿ, ಗಿಡ್ಡ-ಉದ್ದ ಸದ್ದುಗಳ ಸಂಕೇತದಲ್ಲಿ ಮಾತು ಕಳಿಸುತ್ತೇನೆ ಎಂದು ಅದರರ್ಥ. ಆದರೆ ಗುರುಸಿದ್ದಪ್ಪನವರ ಹಿತ್ತಲಿನಾಚೆಗೇ ಒಂದು ಪ್ರಸಾರ ಕೇಂದ್ರದ ಕಂಬವಿತ್ತು. ನನ್ನ ಮುಳ್ಳನ್ನು ಎಲ್ಲಿಗೆ ತಿರುಗಿಸಿದರೂ ಅದರದೇ ಹಾಡು, ಅದರದೇ ಕೃಷಿ ವಾರ್ತೆ. ತಪ್ಪು ಕಂಬದ್ದಲ್ಲ, ಅದು ತನ್ನ ಜಾಗದಲ್ಲೇ ಹಾಡುತ್ತಿತ್ತು. ಅಷ್ಟನ್ನು ತಡೆದುಕೊಳ್ಳುವ ತಾಕತ್ತು ನನಗಿರಲಿಲ್ಲ. ಬಾರಿಸುವ ಹಲಗೆಯ ಪಕ್ಕ ಕುಳಿತವನಿಗೆ ಪಿಸುಮಾತು ಎಲ್ಲಿಂದ ಕೇಳಬೇಕು?

ಗುರುಸಿದ್ದಪ್ಪನವರು ಏರಿಯಲ್ ತಂತಿಯನ್ನು ತೆಂಗಿನಮರದವರೆಗೆ ಎಳೆದರು. ಗೆಳೆಯ ಹತ್ತಿರವಾಗಲಿಲ್ಲ, ಗದ್ದಲ ಇನ್ನಷ್ಟು ಒಳಗೆ ಬಂತು. ಸಿಗ್ನಲ್ ತಗ್ಗಿಸಿದರೆ ಹಾಡಿನ ಜೊತೆ ಗೆಳೆಯನೂ ಮಾಯ. ಅಲ್ಲಿ ಆಪರೇಷನ್ ಆಗಿ ಮೂಗನಾದ ಗೆಳೆಯ ದಿನಾ ಕರೆಯುತ್ತಿದ್ದಾನೆ, ಇಲ್ಲಿ ಕೇಳಿಸುತ್ತಿಲ್ಲ. ಅವರ ಚಹಾ ಆರಿ ಕೆನೆಗಟ್ಟುತ್ತಿತ್ತು.

ಕೊನೆಗೆ ಪ್ಲಾಸ್ಟಿಕ್ ಪೈಪಿನ ತುಂಡಿಗೆ ತಾಮ್ರದ ತಂತಿ ಸುತ್ತಿ, ಹಳೆಯ ಕಂಡೆನ್ಸರ್ ಜೋಡಿಸಿ, ನನಗೂ ಏರಿಯಲ್‌ಗೂ ನಡುವೆ ಕಟ್ಟಿದರು. ಆ ಒಂದು ಸ್ಟೇಷನ್ನನ್ನು ಮಾತ್ರ ಬಾಗಿಲಲ್ಲೇ ತಡೆಯುವ ಸುರುಳಿ ಅದು. ಹೆಡ್‌ಫೋನನ್ನು ಹೆಂಡತಿ ನೀಲವ್ವನ ಕಿವಿಗಿಟ್ಟು, ಹಾಡು ಸತ್ತ ಕೂಡಲೇ ಹೇಳು ಎಂದು ಕಂಡೆನ್ಸರನ್ನು ಮೆಲ್ಲಗೆ ತಿರುಗಿಸಿದರು.

"ಹಾಡು ಹೋತ್ರಿ. ಅದರ ಬುಡಕ ಯಾವುದೋ ಹಕ್ಕಿಮರಿ ಕುಂಯ್‌ಗುಡಾಕತ್ತೈತಿ."

ಗುರುಸಿದ್ದಪ್ಪನವರು ಹೆಡ್‌ಫೋನ್ ಕಿತ್ತುಕೊಂಡರು. "ಹಕ್ಕಿ ಅಲ್ಲ ಅದು, ದಾಮೂ."

ನನಗೆ ಮೊದಲೇ ಗೊತ್ತಾಗಿತ್ತು. ನನ್ನನ್ನು ಬೆಸೆದ ಬೆರಳದು. ಪ್ರತಿ ಮಾತಿನ ಕೊನೆಯಲ್ಲಿ ತುಸು ತಡೆಯುತ್ತಿತ್ತು.

ಎರಡು ಮಳೆಗಾಲ ಚಹಾ ಆರಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ಬೆರಳು ಬರಲಿಲ್ಲ. ಸಂಜೆ ಕಾರವಾರದಿಂದ ಸುದ್ದಿ ಬಂತು. ಆದರೂ ಗುರುಸಿದ್ದಪ್ಪನವರು ದಿನಾ ನನ್ನೆದುರು ಕೂರುತ್ತಿದ್ದರು. ಸುರುಳಿ ತನ್ನ ಕೆಲಸವನ್ನು ಚೊಕ್ಕವಾಗಿ ಮಾಡುತ್ತಿತ್ತು. ನನ್ನೊಳಗೆ ಬರೀ ಸರಸರ ಸದ್ದು.

"ಅದನ್ನ ಬಿಚ್ಚರಿ," ಎಂದಳು ನೀಲವ್ವ. "ಮನಿ ಬಿಕೋ ಅಂತೈತಿ."

ಅವರು ಬಿಚ್ಚಿದರು. ಹಾಡು ನುಗ್ಗಿ ಬಂದು ಕೋಣೆ ತುಂಬಿತು. ನನ್ನ ಹಳೆಯ ವೈರಿಯನ್ನು ಅಂದು ನಾನೂ ಬಯ್ಯಲಿಲ್ಲ.

ಈಗ ಅಟ್ಟದಲ್ಲಿದ್ದೇನೆ. ಏರಿಯಲ್ ಇಲ್ಲ. ಸುರುಳಿ ನನ್ನ ಪಕ್ಕದಲ್ಲೇ ಬಿದ್ದಿದೆ. ಕೆಳಗೆ ಚಹಾದ ಲೋಟ ಇಟ್ಟ ಸದ್ದಾದರೆ ಮಾತ್ರ, ಇನ್ನೇನು ಕರೆ ಬಂತು ಅನ್ನಿಸುತ್ತದೆ.