ಆರನೇ ಪುಟದಲ್ಲಿ ಅಕ್ಕ

ಅಕ್ಕನ ಸಾಮಾನಿನ ಚೀಲ ಹೊತ್ತು ಮೆಟ್ಟಿಲು ಹತ್ತುವಾಗ ನಾನು ಬೆವರಿದ್ದು ಭಾರಕ್ಕಲ್ಲ. ಅವಳು ಹಳೇ ಗಿರಾಕಿಗಳ ಮನೆಗೆ ಹೊರಟಿದ್ದಳು, ಮಾಡದ ತಪ್ಪಿಗೆ ಕ್ಷಮೆ ಕೇಳಲು. ತಪ್ಪು ಯಾರದು ಅಂತ ಗೊತ್ತಿದ್ದವನು ನಾನೊಬ್ಬನೇ. ನಾನು ಬಾಯಿಗೆ ಬೀಗ ಹಾಕಿಕೊಂಡಿದ್ದೆ.

ಅಕ್ಕ ಹೊಲಿಗೆ ಯಂತ್ರ ರಿಪೇರಿ ಮಾಡುತ್ತಾಳೆ. ಮೂವತ್ತು ವರ್ಷ ಪಳಗಿದ ಕೈ. ನಾನು ವೆಬ್‌ಸೈಟುಗಳನ್ನು ಸರ್ಚ್‌ನಲ್ಲಿ ಮೇಲಕ್ಕೆ ತರುವ ಕೆಲಸದವನು. ಮನೆಯಲ್ಲಿ ನನ್ನನ್ನು ‘ಪಂಡಿತ’ ಅನ್ನುತ್ತಾರೆ, ಅರ್ಧ ಗೇಲಿಗೆ. ಅಕ್ಕನ ಸೈಟಿಗೆ ಮೊದಲು ಬರೆದವಳು ಅವಳೇ, ಫೋನಿನಲ್ಲಿ ಒಂದೊಂದೇ ಅಕ್ಷರ ಒತ್ತಿ. “ಸೂಜಿ ಮುರಿದರೆ ಸೂಜಿಯನ್ನು ಬೈಯಬೇಡಿ. ಬಟ್ಟೆ ಎಳೆದವರು ಯಾರು, ಯೋಚಿಸಿ.” ಇಂಥವು ಮೂವತ್ತೆಂಟು ಟಿಪ್ಪಣಿ. ಓದಿ ನಕ್ಕಿದ್ದೆ. ಒಂದು ದಿನ ಅವಳನ್ನು ಕೇಳದೆ ಎಲ್ಲವನ್ನೂ ಅಳಿಸಿ, ಊರಿನ ಒಂದೊಂದು ಬೀದಿಗೆ ಒಂದೊಂದರಂತೆ ಇನ್ನೂರು ಪುಟ ಮಾಡಿದೆ. ಬರಹ ಅದೇ, ಬೀದಿಯ ಹೆಸರು ಮಾತ್ರ ಬೇರೆ. ಪ್ರತಿ ಪುಟದಲ್ಲೂ ‘ಹೊಲಿಗೆ ಯಂತ್ರ ರಿಪೇರಿ’ ಹತ್ತೊಂಬತ್ತು ಸಲ. ಅಕ್ಕ ಸರ್ಚ್ ಪಟ್ಟಿಯ ತುದಿಗೇರಿದಳು, ಫೋನಿಗೆ ಬಿಡುವಿಲ್ಲದಾಯಿತು. ಎರಡು ವರ್ಷ ನಾನು ಕಾಲರ್ ಎತ್ತಿಕೊಂಡು ಓಡಾಡಿದೆ. ಅವಳು ಸೈಟು ತೆರೆದೂ ನೋಡಲಿಲ್ಲ. ತಮ್ಮ ನೋಡ್ಕೋತಾನೆ ಅನ್ನುವ ನಂಬಿಕೆ.

ಆಮೇಲೆ ಸರ್ಚ್‌ನವರು ಅಲ್ಗಾರಿದಮ್, ಅಂದರೆ ಸೈಟುಗಳನ್ನು ಮೇಲೆ ಕೆಳಗೆ ಜೋಡಿಸುವ ಲೆಕ್ಕಾಚಾರ, ಬದಲಿಸಿದರು. ಒಂದೇ ಮಾತನ್ನು ಇನ್ನೂರು ಸಲ ಹೇಳುವ ಸೈಟುಗಳು ಕೆಳಗೆ, ಕೆಲಸ ಬಲ್ಲವರು ಅನುಭವದಿಂದ ಬರೆದದ್ದು ಮೇಲೆ. ಒಂದೇ ವಾರದಲ್ಲಿ ಅಕ್ಕ ಆ ಪಟ್ಟಿಯ ಆರನೇ ಪುಟಕ್ಕೆ ಬಿದ್ದಳು. ಅಲ್ಲಿವರೆಗೆ ಹುಡುಕುತ್ತಾ ಹೋಗುವ ಪುಣ್ಯಾತ್ಮರು ಯಾರಿದ್ದಾರೆ? ನಾನು ಅಳಿಸಿದ್ದೇ ಈಗ ಬೇಕಾದದ್ದಾಗಿತ್ತು, ಅದರ ಒಂದು ಪ್ರತಿಯನ್ನೂ ಇಟ್ಟುಕೊಂಡಿರಲಿಲ್ಲ.

“ಯಾಕೋ ಪಂಡಿತ, ಒಬ್ರೂ ಫೋನ್ ಮಾಡ್ತಿಲ್ಲ?” ಅಂದಳು ಅಕ್ಕ.

“ಎಲ್ಲರ ವ್ಯಾಪಾರನೂ ಹೀಗೇ ಇದೆ ಅಕ್ಕ.”

ಅವಳು ಕನ್ನಡಕ ತೆಗೆದು ತನ್ನ ಬೆರಳುಗಳನ್ನು ನೋಡಿಕೊಂಡಳು. “ಕಣ್ಣು ಮಂಜಾಗಿದೆ ಕಣೋ. ಎಲ್ಲೋ ಕೆಲಸ ಕೆಡಿಸಿದೀನಿ. ಜನ ಬಾಯಿಬಿಟ್ಟು ಹೇಳಲ್ಲ, ಸುಮ್ನೆ ಬಿಟ್ಟು ಹೋಗ್ತಾರೆ. ನಾನೇ ಹೋಗಿ ಕೇಳ್ತೀನಿ. ಹೌದು ಅಂತ ಒಬ್ರು ಅಂದ್ರೂ ಅಂಗಡಿ ಮುಚ್ಚಿಬಿಡ್ತೀನಿ.”

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅನ್ನುತ್ತಾರೆ. ಇಲ್ಲಿ ಅಕ್ಕ ತಾನಾಗಿಯೇ ಬರೆಗೆ ಬೆನ್ನೊಡ್ಡಿದ್ದಳು. ಆಗಲೂ ನಾನು ಹೇಳಲಿಲ್ಲ. ಪಂಡಿತನ ಮಾನ ಹೋಗುತ್ತಲ್ಲ.

ಮೊದಲ ಮನೆ ನಿವೃತ್ತ ನರ್ಸ್ ಒಬ್ಬರದು. ಅಕ್ಕ ಹೊಸ್ತಿಲಲ್ಲೇ ನಿಂತು, “ನನ್ನ ಕೆಲಸದಲ್ಲಿ ಲೋಪ ಆಗಿದ್ರೆ ಕ್ಷಮಿಸಿಬಿಡಿ” ಅಂದಳು. ಅವರಿಗೆ ಏನೂ ತಿಳಿಯದೆ, “ಸ್ವಲ್ಪ ಸದ್ದು ಬರುತ್ತೆ, ಅಷ್ಟೇಮ್ಮ” ಅಂದರು. ಎಣ್ಣೆ ಒಣಗಿತ್ತು. ಅಕ್ಕ ನಾಲ್ಕು ಹನಿ ಬಿಟ್ಟು ಸರಿ ಮಾಡಿದಳು, ಆದರೆ ಮುಖ ಸಣ್ಣದಾಯಿತು.

ಎರಡನೇ ಮನೆಯಲ್ಲಿ ಪರದೆ ಹೊಲಿಯುವಾಕೆ ಬಾಗಿಲನ್ನು ಅರ್ಧ ಮಾತ್ರ ತೆರೆದಳು. “ನಮ್ಮ ಮಷೀನ್ ಚೆನ್ನಾಗೇ ಇದೆಯಲ್ಲ. ಕ್ಷಮೆ ಯಾಕೆ ಕೇಳ್ತಿದೀರಿ? ಏನೋ ಮಾಡಿರಬೇಕು ನೀವು. ಇನ್ಮೇಲೆ ಬೇರೆಯವರನ್ನ ಕರೀತೀನಿ.”

ಇದ್ದ ಗಿರಾಕಿಯೂ ಹೋದಳು. ಅಕ್ಕ, “ಸರಿಯಮ್ಮ” ಅಂದಳು. ಆ ಮಾತು ಕೇಳಿ ನನಗೆ ನನ್ನ ಮೇಲೇ ಹೇಸಿಗೆಯಾಯಿತು.

ಮೂರನೆಯದು ಅಂಗಿ ಹೊಲಿಯುವ ದರ್ಜಿಯ ಕೋಣೆ. ಅವರು ಅಕ್ಕನನ್ನು ಕಂಡಿದ್ದೇ ಸ್ಟೂಲ್ ಎಳೆದು ಕೂರಿಸಿದರು. ಯಂತ್ರದ ಮೇಲಿನ ಗೋಡೆಗೆ ಒಂದು ಹಾಳೆ ಅಂಟಿಸಿತ್ತು. ‘ಸೂಜಿ ಮುರಿದರೆ ಸೂಜಿಯನ್ನು ಬೈಯಬೇಡಿ.’ ಕೆಳಗೆ ಇನ್ನೂ ಎಂಟು ಸಾಲು.

“ನಿಮ್ಮದೇ ಮಾತು. ಬರೆದಿಟ್ಕೊಂಡಿದ್ದು ಒಳ್ಳೇದಾಯ್ತು, ಆಮೇಲೆ ನೋಡಿದ್ರೆ ಸೈಟಲ್ಲಿ ಒಂದೂ ಇಲ್ಲ. ಈಗ ಹುಡುಕಿದ್ರೆ ನೀವೇ ಸಿಗಲ್ಲ, ಅಂಗಡಿ ಮುಚ್ಚಿದ್ರೇನೋ ಅಂದ್ಕೊಂಡೆ. ಯಾರು ತೆಗೆದ್ರು ಅದನ್ನ?”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಚೀಲದ ಪಟ್ಟಿ ಸರಿಮಾಡಿಕೊಂಡೆ. ಅಕ್ಕ ತಿರುಗಿ ನನ್ನನ್ನು ನೋಡಿದಳು.

ಅಲ್ಲಿಂದ ಇಳಿಯುವಾಗ ಮೆಟ್ಟಿಲ ಮೇಲೆ ಎಲ್ಲವನ್ನೂ ಹೇಳಿದೆ. ಅಳಿಸಿದ ಟಿಪ್ಪಣಿಗಳು, ಬೀದಿಯ ಪುಟಗಳು, ಹತ್ತೊಂಬತ್ತು ಸಲ, ಬದಲಾದ ಅಲ್ಗಾರಿದಮ್, ಆರನೇ ಪುಟ. ನಿನ್ನ ಕೈಯಲ್ಲಿ ಯಾವ ದೋಷವೂ ಇಲ್ಲ ಅಂದೆ. ಬೈಯುತ್ತಾಳೆ ಅಂದುಕೊಂಡೆ, ಬೈದಿದ್ದರೆ ಚೆನ್ನಾಗಿತ್ತು.

“ಇದು ನಿನಗೆ ಬೆಳಿಗ್ಗೆ ಮನೆ ಬಿಡುವಾಗ್ಲೂ ಗೊತ್ತಿತ್ತಾ?”

“ಗೊತ್ತಿತ್ತು.”

“ಚೀಲ ಕೊಡು. ನನ್ನ ಸಾಮಾನು ನಾನೇ ಹೊತ್ಕೋತೀನಿ.” ಹೆಗಲಿಗೇರಿಸಿಕೊಂಡು ಅಂದಳು, “ಸೈಟ್ ಆಮೇಲೆ ನೋಡೋಣ. ಮೊದಲು ಆ ಎರಡು ಮನೆಗೆ ಹೋಗು. ನಾನು ಕೇಳಿದ ಕ್ಷಮೆ ವಾಪಸ್ ಇಸ್ಕೊಂಡು ಬಾ.”

ಪರದೆಯವಳ ಬಾಗಿಲು ಮತ್ತೆ ಅರ್ಧವೇ ತೆರೆಯಿತು. ಮೆಟ್ಟಿಲ ಬುಡದಲ್ಲಿ ಅಕ್ಕ ಚೀಲ ಹೊತ್ತು ನಿಂತಿದ್ದಳು.

“ಮತ್ತೇನು?”

“ಆಗ್ಲೇ ನಮ್ಮಕ್ಕ ಕ್ಷಮೆ ಕೇಳಿದ್ರಲ್ಲ,” ಅಂದೆ, “ಅದು ನಾನು ಕೇಳಬೇಕಾಗಿದ್ದು.”

“ಯಾರ ಹತ್ರ?” ಅಂದಳು ಆಕೆ.

ನಾನು ಕೆಳಗೆ ನಿಂತಿದ್ದ ಅಕ್ಕನನ್ನು ನೋಡಿದೆ. ಅಷ್ಟೆಲ್ಲ ಹೇಳಿದ್ದೆ, ಆ ಒಂದು ಮಾತನ್ನು ಮಾತ್ರ ಅಕ್ಕನಿಗೆ ಇನ್ನೂ ಹೇಳಿರಲಿಲ್ಲ.