ಗಿಳಿ ಕುರ್ಚಿಯ ಹೊಟ್ಟೆಯೊಳಗೆ

ಮೊಬೈಲ್ ನಿಲ್ಲಿಸುವ ಸ್ಟ್ಯಾಂಡಿಗೆ ಒಂದು ಕುರ್ಚಿಗೆ ಬಟ್ಟೆ ಹಾಕಿದ ಕೂಲಿ ಹೋಯಿತು. ಬಳೆಯ ಹಾಗಿರುವ ದೀಪಕ್ಕೆ ಇನ್ನೆರಡು ಕುರ್ಚಿಯದು. ಕೊರಳಪಟ್ಟಿಗೆ ಸಿಕ್ಕಿಸುವ ಮೈಕಿಗೆ ಇಡೀ ಒಂದು ಸೋಫಾದ್ದು. ಲೆಕ್ಕ ಕೇಳಿದ ನಮ್ಮವರು ಬಾಯಲ್ಲಿ ಕಚ್ಚಿಕೊಂಡಿದ್ದ ಮೊಳೆಗಳನ್ನು ಅಂಗೈಗೆ ಉಗಿದುಕೊಂಡು, "ಇನ್ಮೇಲೆ ಆ ಮೈಕ್ ಮೇಲೇ ಕೂತ್ಕೊ" ಅಂದರು.

ನಮ್ಮದು ಹಳೆಯ ಸೋಫಾ, ಕುರ್ಚಿಗಳಿಗೆ ಹೊಸ ಬಟ್ಟೆ ಹಾಕಿಕೊಡುವ ಅಂಗಡಿ. ನಾನು ಹೊಲಿಯುತ್ತೇನೆ, ಅವರು ಬಿಗಿದು ಮೊಳೆ ಹೊಡೆಯುತ್ತಾರೆ. ಇತ್ತೀಚೆಗೆ ಗಿರಾಕಿಗಳು ತೀರಾ ಕಮ್ಮಿಯಾಗಿದ್ದರು. ಯಾವುದೋ ದೊಡ್ಡ ಮಳಿಗೆಯವರು ನಮ್ಮವರನ್ನು ಗೋದಾಮಿನಲ್ಲಿ ಪೆಟ್ಟಿಗೆ ಇಳಿಸುವ ಕೆಲಸಕ್ಕೆ ಕರೆದಿದ್ದರು. ತಿಂಗಳು ಮುಗಿಯುವುದರೊಳಗೆ ನಮಗೆ ಸಾಕಷ್ಟು ಕೆಲಸ ಸಿಕ್ಕರೆ ಸರಿ, ಇಲ್ಲದಿದ್ದರೆ ಅಂಗಡಿಗೆ ಬೀಗ ಎಂದು ಮಾತಾಗಿತ್ತು. ನಾನು ವಿಡಿಯೋಗೆ ಕೈ ಹಾಕಿದ್ದು ಅದಕ್ಕೇ.

ಮೊದಲ ವಿಡಿಯೋದಲ್ಲಿ ಮುಗಿದ ಸೋಫಾದ ಪಕ್ಕ ಕೈಕಟ್ಟಿ ನಿಂತು, ನಮ್ಮಲ್ಲಿ ಉತ್ತಮ ಕೆಲಸ ಮಾಡಿಕೊಡಲಾಗುವುದು ಎಂದು ಒಪ್ಪಿಸಿದೆ. ನಾದಿನಿ ನೋಡಿದಳು.

"ಅತ್ತಿಗೆ, ಸೋಫಾ ತೀರಿಹೋಯ್ತಾ? ಹೀಗ್ಯಾಕೆ ನಿಂತಿದೀರಿ?"

"ಸುಮ್ನಿರೇ! ಲೈಕ್ ಬಂದಿದೆ."

"ಒಂದು ನಂದು, ಒಂದು ನಿಮ್ದು. ಅಣ್ಣಂದು ಕೈ ತಾಗಿ ಬಿದ್ದಿದ್ದು. ಊಟಕ್ಕೆ ಕೂತಾಗ ನಮ್ಗೆ ಹೊಸ ಬಟ್ಟೆ ಕಥೆ ಹೇಳ್ತೀರಾ? ಒಳಗೆ ಏನು ಸಿಕ್ತು ಅಂತ ತಾನೆ ಹೇಳಿ ನಗ್ಸೋದು? ಅದನ್ನ ತೋರ್ಸಿ."

ಸೋಫಾ ಬಿಚ್ಚಿದಾಗ ಸಿಕ್ಕಿದ್ದನ್ನೆಲ್ಲ ನಾವು ಚೂರುಬಟ್ಟೆಯಲ್ಲಿ ಗಂಟು ಕಟ್ಟಿ, ಸೋಫಾದ ಜೊತೆಗೇ ವಾಪಸ್ ಕೊಡುತ್ತೇವೆ. ಯಾರ ಮನೆಯದೆಂದು ಮಾತ್ರ ಹೊರಗೆ ಬಾಯಿ ಬಿಡುವಂತಿಲ್ಲ. ಇದು ಮಾವನವರ ಕಾಲದ ಕಟ್ಟುಪಾಡು. ಹೆಸರು ಹೇಳುವುದಿಲ್ಲವೆಂದು ನಮ್ಮವರಿಗೆ ಮಾತು ಕೊಟ್ಟು, ಅಂದು ಬಂದಿದ್ದ ಕುರ್ಚಿಯ ಮುಂದೆ ಮೊಬೈಲ್ ನಿಲ್ಲಿಸಿದೆ.

ಕತ್ತರಿ ಹಾಕಿದ್ದೇ ತಡ, ಬಾಚಣಿಗೆ ಬಿತ್ತು, ಚಮಚ ಬಿತ್ತು, ಗುಂಡಿಗಳು ಉರುಳಿದವು. ಆಮೇಲೆ ಒಂದು ಸಾಲು ಕಟ್ಟಿಸಿದ ಹಲ್ಲು ಕೆಳಗೆ ಬಿದ್ದು ನಮ್ಮನ್ನೇ ನೋಡಿ ನಕ್ಕಿತು. ನಾನು ನಕ್ಕು ನಕ್ಕು ಅಲ್ಲೇ ಕುಸಿದೆ. ನಮ್ಮವರು ಬಾಯಿ ತುಂಬ ಮೊಳೆ ಇಟ್ಟುಕೊಂಡು ನಗಲೂ ಆಗದೆ, ಬಿಡಲೂ ಆಗದೆ ಉಸ್ ಬುಸ್ ಅನ್ನುತ್ತಿದ್ದರು. ಎಲ್ಲವನ್ನೂ ಇದ್ದದ್ದು ಇದ್ದ ಹಾಗೇ ಹಾಕಿಬಿಟ್ಟೆ.

ಸಂಜೆಯ ಹೊತ್ತಿಗೆ ಊರೆಲ್ಲ ನೋಡಿತ್ತು. ನಾನು ಹಿಗ್ಗಿ ಹೀರೇಕಾಯಿ ಆಗಿದ್ದಾಗ ನಾದಿನಿ ಫೋನ್ ಮಾಡಿದಳು.

"ಹೆಸರು ಹೇಳ್ಲಿಲ್ಲ ಸರಿ ಅತ್ತಿಗೆ. ಆ ಗಿಳಿಗಳನ್ನ ಏನ್ಮಾಡಿದ್ರಿ?"

ವಿಡಿಯೋ ಮತ್ತೆ ಹಾಕಿ ನೋಡಿದೆ. ಹಳೆಯ ಬಟ್ಟೆ ನಮ್ಮ ಕಣ್ಣಿಗೆ ಕಸ, ಅದನ್ನು ನಾವು ನೋಡುವುದೇ ಇಲ್ಲ. ಬೀದಿಗೆ ಬೀದಿಯೇ ನೋಡಿತ್ತು. ಹಸಿರು ಗಿಳಿಗಳ ಚಿತ್ರದ ಬಟ್ಟೆಯಿದ್ದ ಆ ಕುರ್ಚಿಯಲ್ಲಿ ದಿನವೂ ಬಾಗಿಲ ಬಳಿ ಕೂರುತ್ತಿದ್ದದ್ದು ಮೂಲೆಮನೆ ಅಜ್ಜಿ.

ಅಳಿಸಿಹಾಕಬೇಕು ಅನ್ನುವಷ್ಟರಲ್ಲಿ ಅಜ್ಜಿಯೇ ಕೋಲೂರಿಕೊಂಡು ಬಂದರು, ಹಿಂದೆ ಸೊಸೆ. ಅಂಗಡಿಯ ಕಥೆ ಮುಗಿಯಿತು, ಇದ್ದ ಗಿರಾಕಿಗಳೂ ಹೋದರು ಅಂದುಕೊಂಡೆ.

"ಯಾರು ಆ ವಿಡಿಯೋ ಮಾಡಿದ್ದು?"

"ನಾನೇ ಅಜ್ಜಿ, ತಪ್ಪಾಯ್ತು. ಈಗ್ಲೇ ತೆಗೆದುಬಿಡ್ತೀನಿ."

"ತೆಗೆದ್ರೆ ಕೋಲಲ್ಲಿ ಬಾರಿಸ್ತೀನಿ! ಹಲ್ಲನ್ನ ಕಸಕ್ಕೆ ಹಾಕಿದ್ದು ಇವಳೇ ಅಂತ ವರ್ಷಗಟ್ಲೆ ಬೀದಿಗೆಲ್ಲ ಕೇಳೋ ಹಾಗೆ ಬೈದಿದೀನಿ. ನಾನು ತಪ್ಪಾಯ್ತು ಅನ್ನೋದೂ ಬೀದಿಗೆಲ್ಲ ಕೇಳ್ಬೇಕು. ಹಚ್ಚು ಆ ದೀಪಾನ!"

"ಅತ್ತೆ, ಹಲ್ಲು ಹಾಕ್ಕೊಂಡು ಮಾತಾಡಿ. ಸ್ಪಷ್ಟವಾಗಿ ಕೇಳ್ಲಿ," ಅಂದಳು ಸೊಸೆ.

"ನೋಡು, ಈಗ ಇವಳದೇ ದರ್ಬಾರು!"

ನಾನು ಮೈಕ್ ಸಿಕ್ಕಿಸಲು ಹೋದರೆ ಅಜ್ಜಿ ಕೈ ಒದರಿದರು. ನಾವು ಕಟ್ಟಿಟ್ಟಿದ್ದ ಗಂಟು ಬಿಚ್ಚಿ, ಹಲ್ಲಿನ ಸಾಲನ್ನು ಮೇಲೆತ್ತಿ ಹಿಡಿದು ಸೊಸೆಯ ಕ್ಷಮೆ ಕೇಳಿದರು. ಆಮೇಲೆ ಮೊಬೈಲಿನತ್ತ ತಿರುಗಿ, "ಮನೇಲಿ ಏನಾದ್ರೂ ಕಳೆದ್ರೆ ಸೊಸೇನ ಬೈಬೇಡ್ರಮ್ಮ. ಮೊದ್ಲು ಸೋಫಾ ಬಿಚ್ಚಿಸಿ. ಈ ಮಕ್ಕಳು ಸಿಕ್ಕಿದ್ದನ್ನ ಗಂಟು ಕಟ್ಟಿ ವಾಪಸ್ ಕೊಡ್ತಾರೆ," ಅಂದರು.

ಅದಾದ ಮೇಲೆ ಫೋನ್ ಕೆಳಗಿಡಲು ಪುರುಸೊತ್ತಿಲ್ಲ. ಒಬ್ಬರಿಗೆ ಉಂಗುರ ಸಿಕ್ಕಬೇಕು, ಇನ್ನೊಬ್ಬರಿಗೆ ಕನ್ನಡಕ. ಏನೂ ಸಿಗದಿದ್ದವರೂ ಹೊಸ ಬಟ್ಟೆ ಹಾಕಿಸಿಕೊಂಡು ಹೋಗುತ್ತಾರೆ. ಈಗ ಮೊದಲು ಒಪ್ಪಿಗೆ ಕೇಳುತ್ತೇನೆ, ಹಳೆಯ ಬಟ್ಟೆಯ ಮೇಲೆ ಬಿಳಿ ಹೊದಿಕೆ ಮುಚ್ಚಿಯೇ ವಿಡಿಯೋ ಮಾಡುತ್ತೇನೆ.

ನಮ್ಮವರು ಗೋದಾಮಿಗೆ ಬರುವುದಿಲ್ಲವೆಂದು ಹೇಳಿ ಕಳಿಸಿದರು. ಅಂಗಡಿ ಉಳಿಯಿತು. ನಷ್ಟವಾದದ್ದು ಮೈಕಿಗೆ ಹೋದ ಒಂದು ಸೋಫಾದ ಕೂಲಿ ಮಾತ್ರ. ಅಜ್ಜಿಯ ಗಂಟಲಿಗೆ ಅದು ಬೇಕಾಗಲೇ ಇಲ್ಲ.